ಮನೆ ಹಿಂದಿನ ಎಂಟು ಅಡಿ

(ಮಲ್ಲೇಶ್ವರದ ಒಂದು ಪುಟ್ಟ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಮುಂದೆ ಕೂತರೆ ಪ್ರಶ್ನೆ ಕೇಳುತ್ತಾರೆ ಅನ್ನೋ ಭಯ ಬೇಡ. ನಾನು ಟೀಚರ್ ಅಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ 31 ವರ್ಷ ಕೂತು ರಿಟೈರ್ ಆದವಳು.

ಇವತ್ತಿನ ಮಾತಿಗೆ 'ಬದಲಾಗುತ್ತಿರುವ ಮಲ್ಲೇಶ್ವರ' ಅಂತ ಹೆಸರು ಹಾಕಿದ್ದಾರೆ. ಈ ಹೆಸರು ಕೊಟ್ಟರೆ ಏನು ಮಾತಾಡಬೇಕು ಅನ್ನೋದು ನಮಗೆಲ್ಲ ಬಾಯಿಪಾಠ. ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಮರ ಎಲ್ಲಿದೆ? ಮೊದಲು ಫ್ಯಾನೇ ಬೇಕಿರಲಿಲ್ಲ. ಎಂಟನೇ ಕ್ರಾಸಿನಲ್ಲಿ ನಡೆಯೋಕೆ ಜಾಗ ಇಲ್ಲ. ದೋಸೆ ತಿನ್ನೋಕೆ ಮುಕ್ಕಾಲು ಗಂಟೆ ಫುಟ್‌ಪಾತ್ ಮೇಲೆ ಕಾಯಬೇಕು. ಇದನ್ನೆಲ್ಲ ನಾವು ದಿನಾ ಸಂಜೆ ಸ್ಯಾಂಕಿ ಕೆರೆ ಸುತ್ತ ನಡೆಯುತ್ತಾ ಹೇಳಿಕೊಳ್ಳುತ್ತೇವೆ. ಅದಕ್ಕೆ ಇಷ್ಟು ಜನ ಸೇರಬೇಕಾಗಿಲ್ಲ.

ನಾನು ಮನೆ ಮುಂದಿನ ವಿಷಯ ಬಿಟ್ಟು ಮನೆ ಹಿಂದಿನ ವಿಷಯ ಮಾತಾಡುತ್ತೇನೆ. ಕನ್ಸರ್ವೆನ್ಸಿ. ನಗಬೇಡಿ. ಇಲ್ಲಿ ಕೂತಿರುವ ಹಳಬರಲ್ಲಿ ಅರ್ಧ ಜನರ ಮನೆ ಹಿಂದೆ ಅದು ಇದೆ. ಇದೆ ಅಥವಾ ಇತ್ತು. ಹೊಸಬರಿಗೆ ಹೇಳಬೇಕು ಅಂದರೆ, ಎರಡು ಸಾಲು ಮನೆಗಳ ಹಿತ್ತಲ ಗೋಡೆಗಳ ನಡುವೆ ಬಿಟ್ಟಿರುವ ಸಣ್ಣ ಗಲ್ಲಿ. ನಮ್ಮ ಹಿಂದಿನದು ಎಂಟು ಅಡಿ. ಕಾಗದದ ಮೇಲೆ ಎಂಟು ಅಡಿ.

ಈ ಗಲ್ಲಿ ಯಾಕೆ ಬಂತು ಅಂತ ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಕಾಡು ಮಲ್ಲೇಶ್ವರನ ಗುಡಿ ಹಳೆಯದು, 17ನೇ ಶತಮಾನದ್ದು. ಶಿವಾಜಿಯ ಮಲತಮ್ಮ ವೆಂಕೋಜಿಯ ಕಾಲದ್ದು. ಬಡಾವಣೆ ಮಾತ್ರ ಆಮೇಲಿನದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಇಲ್ಲ, ಬೆಳಕಿಲ್ಲ. ಇಲಿ ಸತ್ತು ಬಿದ್ದರೆ ಮನೆಯವರೆಲ್ಲ ಊರಾಚೆ ಗುಡಿಸಲು ಹಾಕಿಕೊಳ್ಳಬೇಕು. ಮಲ್ಲೇಶ್ವರ, ಬಸವನಗುಡಿ ಎರಡೂ ತುಂಬಿಕೊಂಡಿದ್ದು ಆ ಹೊತ್ತಿನಲ್ಲಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ರಸ್ತೆ ನೇರ ಇರಲಿ, ಮನೆ ಸುತ್ತ ಜಾಗ ಇರಲಿ, ಗಾಳಿ ಆಡಲಿ ಅನ್ನೋದು ಲೆಕ್ಕ. ನಮ್ಮ ಮೇನು, ಕ್ರಾಸು ಎಲ್ಲ ಪ್ಲೇಗಿನ ಹೆದರಿಕೆಯಿಂದ ತುಂಬಿದವು.

ಆದರೆ ಒಂದು ಕೆಲಸ ಮನೆ ಮುಂದೆ ಆಗುವ ಹಾಗಿರಲಿಲ್ಲ. ಕಕ್ಕಸು ಹಿತ್ತಲ ತುದಿಯಲ್ಲಿ. ಅದರ ಕೆಳಗೆ ಬಕೆಟ್ಟು. ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ತಗಡಿನ ಬಾಗಿಲು. ಬೆಳಗಿನ ಜಾವ ಒಬ್ಬ ಮನುಷ್ಯ ಆ ಗಲ್ಲಿಯಲ್ಲಿ ಬಂದು, ಬಾಗಿಲು ಎತ್ತಿ, ಬಕೆಟ್ಟು ಎಳೆದು, ತುಂಬಿಕೊಂಡು, ತಲೆ ಮೇಲೆ ಹೊತ್ತುಕೊಂಡು ಹೋಗಬೇಕು. ಅವನು ಯಾರ ಕಣ್ಣಿಗೂ ಬೀಳಬಾರದು. ಮುಂಬಾಗಿಲ ರಂಗೋಲಿ ದಾಟಬಾರದು. ಅದಕ್ಕೇ ಎಂಟು ಅಡಿ. ಆ ಮನುಷ್ಯನನ್ನು ನಮ್ಮ ಅತ್ತೆ ಕರೆಯುತ್ತಿದ್ದ ಹೆಸರನ್ನು ನಾನು ಇಲ್ಲಿ ಹೇಳಲ್ಲ.

1970ರ ದಶಕದ ಶುರುವಿನಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ನಾನು ತಿಪಟೂರಿನಿಂದ ಸೊಸೆಯಾಗಿ ಈ ಮನೆಗೆ ಬಂದದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಫ್ಲಷ್ ಬಂದಿತ್ತು. ತಗಡಿನ ಬಾಗಿಲಿದ್ದ ಕಡೆ ಇಟ್ಟಿಗೆ ಮುಚ್ಚಿ ಗಾರೆ ಬಳಿದಿದ್ದರು. ಗಾರೆಯ ಬಣ್ಣ ಬೇರೆ ಇದ್ದದ್ದರಿಂದ ಆ ಬಾಗಿಲಿನ ಆಕಾರ ಮಾತ್ರ ಗೋಡೆಯಲ್ಲಿ ಹಾಗೇ ಕಾಣುತ್ತಿತ್ತು. ಅದೇನು ಅಂತ ಕೇಳಿದ್ದಕ್ಕೆ ಅತ್ತೆ, "ನಿನಗ್ಯಾಕೆ ಅದೆಲ್ಲ, ಬೆಳಿಗ್ಗೆ ಬೆಳಿಗ್ಗೆ" ಅಂದಿದ್ದರು.

ಅತ್ತೆ ಆ ಕಡೆ ಕಾಲಿಡುತ್ತಿರಲಿಲ್ಲ. ಮಡಿ. ನಾನು ಇಡುತ್ತಿದ್ದೆ. ಹೊಸ ಸೊಸೆಗೆ ಮುಂಬಾಗಿಲಲ್ಲಿ ನಿಂತು ಮಾತಾಡೋಕೆ ಆಗಲ್ಲ, ಹಿಂದಿನ ಬಾಗಿಲಲ್ಲಿ ಆಗುತ್ತೆ. ಎದುರು ಹಿತ್ತಲಿನ ಸೊಸೆಯೂ ಅಲ್ಲೇ ಸಿಗುತ್ತಿದ್ದಳು. ನಾವಿಬ್ಬರೂ ಹುರುಳಿಕಾಯಿ ನಾರು ತೆಗೆಯುತ್ತಾ ಅತ್ತೆಯರ ಲೆಕ್ಕ ಚುಕ್ತಾ ಮಾಡುತ್ತಿದ್ದೆವು. ಸೊಪ್ಪಿನವಳು ಅದೇ ದಾರಿಯಲ್ಲಿ ಬರುತ್ತಿದ್ದಳು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮಲ ಹೊರುವವನಿಗೆ ಅಂತ ಬಿಟ್ಟ ದಾರಿ ಹತ್ತು ಹದಿನೈದು ವರ್ಷ ನಮಗೆ ಹೀಗೆ ಪುಕ್ಕಟೆ ಸಿಕ್ಕಿತು. ಅದು ನಮಗೆ ನೆನಪೂ ಬರುತ್ತಿರಲಿಲ್ಲ.

ಮಾವ ಅದಕ್ಕೂ ಮುಂಚೆಯೇ ಮೂರು ಅಡಿ ತೆಗೆದುಕೊಂಡಿದ್ದರು. ನಾನು ಬರುವಾಗಲೇ ಗೋಡೆ ಆಚೆಗೆ ಕಲ್ಲು ಚಪ್ಪಡಿ ಹಾಸಿ, ಮೇಲೆ ಬಟ್ಟೆ ಒಗೆಯುವ ಕಲ್ಲು ಕೂರಿಸಿ, ತಗಡಿನ ಬೇಲಿ ಹಾಕಿದ್ದರು. ಮಾವ ಲಂಚ ಮುಟ್ಟಿದವರಲ್ಲ. ಆಫೀಸಿನ ಪೆನ್ಸಿಲ್ ಮನೆಗೆ ತಂದವರಲ್ಲ. ಆದರೆ ಗಲ್ಲಿಯ ಮೂರು ಅಡಿ ಅವರಿಗೆ ಕಳ್ಳತನ ಅನ್ನಿಸಲೇ ಇಲ್ಲ. "ಸುಮ್ನೆ ಬಿದ್ದಿತ್ತು" ಅನ್ನುತ್ತಿದ್ದರು. ಎದುರಿನವರು ಎರಡೂವರೆ ಅಡಿಯಲ್ಲಿ ವಾಷಿಂಗ್ ಮಷಿನ್‌ಗೆ ಶೆಡ್ ಮಾಡಿಕೊಂಡರು. ಮೂಲೆ ಮನೆ ರಾಯರು ತುಳಸಿ ಕಟ್ಟೆ ಕಟ್ಟಿದರು. ತುಳಸಿ ಕಟ್ಟೆಯನ್ನು ಯಾರು ಒಡೆಯುತ್ತಾರೆ ಹೇಳಿ? ರಾಯರು ಬುದ್ಧಿವಂತರು.

ಆಮೇಲೆ ಮನೆಗಳೇ ಹೋದವು. ನಮ್ಮ ಸಾಲಿನಲ್ಲಿ ಆರು ಮನೆ ಇದ್ದವು. ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮನಿಗೆ ಮಹಡಿ ಹತ್ತೋಕಾಗಲ್ಲ, ಅಣ್ಣ ತಮ್ಮಂದಿರಲ್ಲಿ ಪಾಲು. ಬಿಲ್ಡರ್ ಬರುತ್ತಾನೆ, ಜಾಯಿಂಟ್ ಡೆವಲಪ್‌ಮೆಂಟ್ ಅಂತಾನೆ. ಈಗ ಮನೆ ಅಂತ ಉಳಿದಿರುವುದು ಎರಡೇ. ಉಳಿದ ನಾಲ್ಕು ಜಾಗದಲ್ಲಿ ಒಟ್ಟು 30 ಫ್ಲ್ಯಾಟು. ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ. ಫ್ಲ್ಯಾಟಿನವರು ಒಳ್ಳೆಯ ಜನ. ಲಿಫ್ಟ್ ನೋಡಿದಾಗ ನನ್ನ ಮೊಣಕಾಲಿಗೂ ಆಸೆ ಆಗುತ್ತೆ. ನನ್ನ ಲೆಕ್ಕ ಬೇರೆ. ಮೂವತ್ತೈದು ಜನರಿಗೆ ಅಂತ ಹಾಕಿದ ಒಂದು ಪೈಪಿಗೆ ಈಗ ನೂರಿಪ್ಪತ್ತು ಜನ.

ಯಾಕೆಂದರೆ ಬಕೆಟ್ಟು ಹೋದ ಮೇಲೆ ಒಳಚರಂಡಿ ಪೈಪನ್ನು ಹಾಕಿದ್ದು ಎಲ್ಲಿ ಅಂದುಕೊಂಡಿರಿ? ಅದೇ ಗಲ್ಲಿಯಲ್ಲಿ. ಕಕ್ಕಸೆಲ್ಲ ಹಿಂದೆ ಇದ್ದವು, ಗಲ್ಲಿಯೂ ಹಿಂದೆ ಇತ್ತು, ಸರಿಯಾಗಿ ಹೊಂದಿಕೊಂಡಿತು. ಸುಟ್ಟ ಮಣ್ಣಿನ ಪೈಪು. ಆರು ಇಂಚು. ಒಂದಕ್ಕೊಂದು ಜೋಡಿಸಿದ ಕಡೆ ಗಾರೆ. ಅಲ್ಲಲ್ಲಿ ಒಂದು ಚೇಂಬರ್, ಕಟ್ಟಿಕೊಂಡರೆ ಮುಚ್ಚಳ ಎತ್ತಿ ಬಿಡಿಸೋಕೆ.

ನೀರು ಬರುವುದನ್ನು ನಾವು ಹಬ್ಬ ಮಾಡುತ್ತೇವೆ. 1896ರಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್. ಪೇಪರಿನಲ್ಲಿ ಫೋಟೊ, ಮಂತ್ರಿಗಳು, ಹೂವಿನ ಹಾರ. ಸರಿ, ಒಳ್ಳೆಯದೇ. ಅದೇ ವರ್ಷದ ಮಾರ್ಚ್‌ನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಹೇಳಿದ್ದು ನಾವು ಮರೆತಿಲ್ಲ. ಆದರೆ ಮನೆಗೆ ಬಂದ ನೀರಲ್ಲಿ ಹೆಚ್ಚಿನದೆಲ್ಲ ಮನೆಯಿಂದ ಹೊರಗೆ ಹೋಗಲೇಬೇಕಲ್ವಾ? ಹೋಗುವ ನೀರಿಗೆ ಯಾರೂ ಹಾರ ಹಾಕಲ್ಲ.

ಈಗ 2019ರ ಕಥೆಗೆ ಬರುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ. ನನ್ನ ಇಬ್ಬರು ನಾದಿನಿಯರು ಬಾಗಿನಕ್ಕೆ ಬಂದಿದ್ದಾರೆ. ಹೂರಣ ರುಬ್ಬುತ್ತಿದ್ದೇನೆ. ಚಿಕ್ಕ ನಾದಿನಿ ಬಚ್ಚಲಿನಿಂದ ಕೂಗಿದಳು, "ಅತ್ತಿಗೆ, ನೀರು ಇಳೀತಿಲ್ಲ." ಹೋಗಿ ನೋಡಿದರೆ ಇಳಿಯದೆ ಇರುವುದಷ್ಟೇ ಅಲ್ಲ, ಕೆಳಗಿನಿಂದ ಮೇಲಕ್ಕೆ ಬರುತ್ತಿದೆ. ಅದು ನಮ್ಮ ಮನೆಯದು ಮಾತ್ರ ಆಗಿರಲಿಲ್ಲ. ಬಣ್ಣ, ವಾಸನೆ ನೋಡಿದರೆ ನಾಲ್ಕಾರು ಮನೆಯ ಅಡುಗೆ ಗೊತ್ತಾಗುತ್ತಿತ್ತು. ಊಟದ ಹೊತ್ತಲ್ಲದಿದ್ದರೂ ಇದಕ್ಕಿಂತ ಜಾಸ್ತಿ ವಿವರಿಸಲ್ಲ.

ಫೋನ್ ಮಾಡಿದೆವು. ದೂರಿನ ನಂಬರ್ ಕೊಟ್ಟರು. ಮಧ್ಯಾಹ್ನ ಜೆಟ್ಟಿಂಗ್ ಗಾಡಿ ಬಂತು, ಜೋರಾಗಿ ನೀರು ಬಿಟ್ಟು ಕಟ್ಟಿಕೊಂಡ ಪೈಪು ಬಿಡಿಸುವಂಥದ್ದು. ದೊಡ್ಡ ಗಾಡಿ, ಟ್ಯಾಂಕರ್ ಥರ. ಡ್ರೈವರ್ ಇಳಿದು ಗಲ್ಲಿ ಬಾಯಲ್ಲಿ ನಿಂತು ನೋಡಿದ. ಒಂದು ಕಡೆ ರಾಯರ ತುಳಸಿ. ಇನ್ನೊಂದು ಕಡೆ ಫ್ಲ್ಯಾಟಿನವರ ಜನರೇಟರ್, ಕಬ್ಬಿಣದ ಪಂಜರದಲ್ಲಿ. ಮಧ್ಯೆ ಎರಡು ಸ್ಕೂಟರ್, ಕೇಬಲ್ಲಿನವರು ಬಿಟ್ಟು ಹೋದ ವೈರಿನ ಸುರುಳಿ, ಒಂದು ಮುರಿದ ಕಮೋಡು. "ಮೇಡಂ, ಗಾಡಿ ಬಿಡಿ, ನಾನು ಅಡ್ಡಡ್ಡ ಹೋಗಬೇಕು" ಅಂದ. ಗಾಡಿಯ ಪೈಪು ಎಳೆದು ತಂದರು. ಆದರೆ ಚೇಂಬರ್ ಎಲ್ಲಿ? ಪೈಪು ಬಿಡೋಕೆ ಚೇಂಬರ್ ಬೇಕು. ಗಲ್ಲಿ ಉದ್ದಕ್ಕೂ ಹುಡುಕಿದರು. ಒಂದೂ ಇಲ್ಲ. ನಾವು, ಓದಿದವರು, ಎಂಟು ಹತ್ತು ಜನ ನಿಂತಿದ್ದೇವೆ. ನಮ್ಮ ಹೊಲಸು ಯಾವ ದಾರಿಯಲ್ಲಿ ಹೋಗುತ್ತೆ ಅಂತ ಒಬ್ಬರಿಗೂ ಗೊತ್ತಿಲ್ಲ.

ಕೊನೆಗೆ ಯಾರೋ ಹಳೇ ಮೇಸ್ತ್ರಿಯೊಬ್ಬರನ್ನು ಕರೆದು ತಂದರು. ಎಪ್ಪತ್ತು ದಾಟಿದವರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಯಾರ ಜೊತೆಯೂ ಮಾತಾಡಲಿಲ್ಲ. ಒಂದು ಹಾರೆ ಇಸಿದುಕೊಂಡು ನೆಲ ಕುಟ್ಟುತ್ತಾ ಬಂದರು. ಟಣ್, ಟಣ್, ಟಣ್. ನಾಲ್ಕು ಹೆಜ್ಜೆ, ಮತ್ತೆ ಟಣ್. ತಲೆ ಒಂದು ಕಡೆ ವಾಲಿಸಿಕೊಂಡು ಕೇಳುತ್ತಿದ್ದರು, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ನಾನು ತಿಪಟೂರಿನವಳು, ನನಗೆ ಆ ತಲೆ ವಾಲಿಸುವುದು ಚೆನ್ನಾಗಿ ಗೊತ್ತು. ಎದುರಿನವರ ವಾಷಿಂಗ್ ಮಷಿನ್ ಶೆಡ್ಡಿನಲ್ಲಿ ಹಾರೆ ಬಿದ್ದಾಗ ಸದ್ದು ಬದಲಾಯಿತು. ಡಬ್. "ಇಲ್ಲೊಂದು" ಅಂದರು. ಜನರೇಟರ್ ಕಡೆ ಕೈ ತೋರಿಸಿ, "ಅದರ ಕೆಳಗೊಂದು ಇರಬೇಕು" ಅಂದರು. ಆಮೇಲೆ ನಮ್ಮ ತಗಡಿನ ಬೇಲಿ ತಳ್ಳಿಕೊಂಡು ಒಳಗೆ ಬಂದರು. ಒಗೆಯುವ ಕಲ್ಲಿನ ಪಕ್ಕದ ಚಪ್ಪಡಿ ಮೇಲೆ ಕುಟ್ಟಿದರು.

ಡಬ್.

ಮೇಸ್ತ್ರಿ ನನ್ನ ಮುಖ ನೋಡಿದರು. "ಮೇನ್ ಚೇಂಬರ್ ಇದೇ ಅಮ್ಮ. ನಿಮ್ಮ ಮಾವನೋರು ಕಲ್ಲು ಹಾಕಿಸಿದಾಗ್ಲೇ ಬೇಡ ಅಂದಿದ್ದೆ."

36 ವರ್ಷ ನಾನು ಅದರ ಮೇಲೆ ನಿಂತು ಬಟ್ಟೆ ಒಗೆದಿದ್ದೆ. ಅಷ್ಟು ಹೊತ್ತು ಗಲ್ಲಿಯಲ್ಲಿ ಜೋರು ಗಂಟಲು ನನ್ನದೇ ಆಗಿತ್ತು. ಜನರೇಟರ್ ಇಟ್ಟವರನ್ನು ಬೈದಿದ್ದೆ. ಫ್ಲ್ಯಾಟಿನ ಸೆಕ್ರೆಟರಿ ಹುಡುಗನಿಗೆ, "ನಿಮಗೆ ಊರಿನ ಮೇಲೆ ಅಭಿಮಾನ ಇಲ್ಲ, ಬಾಡಿಗೆಗೆ ಬಂದವರು" ಅಂದುಬಿಟ್ಟಿದ್ದೆ. ಅವನು ಅಲ್ಲೇ ನಿಂತಿದ್ದ. ಪಾಪ, ಏನೂ ಅನ್ನಲಿಲ್ಲ.

ಕಲ್ಲು ಎತ್ತಿಸಿದೆವು. ಮುಚ್ಚಳ ತುಕ್ಕು ಹಿಡಿದು ಅಂಟಿತ್ತು, ಒಡೆಯಬೇಕಾಯಿತು. ಒಳಗೆ ಅಂಚಿನವರೆಗೂ ತುಂಬಿತ್ತು. ಜೆಟ್ಟಿಂಗ್ ಪೈಪು ಬಿಟ್ಟರು, ಎಂಟು ಹತ್ತು ಅಡಿ ಹೋಗಿ ನಿಂತಿತು. ಮತ್ತೆ ಬಿಟ್ಟರು, ಮತ್ತೆ ನಿಂತಿತು. ಆಗ ನಮ್ಮಲ್ಲೇ ಒಬ್ಬರು, ಹೆಸರು ಬೇಡ, ಗೌರವಸ್ಥರು, ಮೆಲ್ಲಗೆ ಅಂದರು, "ಒಬ್ಬ ಇಳಿದು ಕೈ ಹಾಕಿದ್ರೆ ಐದು ನಿಮಿಷದ ಕೆಲಸ. ದುಡ್ಡು ಕೊಡೋಣ."

ಗಾಡಿ ಜೊತೆ ಬಂದಿದ್ದ ಒಬ್ಬ ಹುಡುಗ ಆಗಲೇ ಪ್ಯಾಂಟು ಮಡಚುತ್ತಿದ್ದ. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಕಿವಿಯಲ್ಲಿ ಇಯರ್‌ಫೋನ್.

ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸಬಾರದು ಅನ್ನುವ ಕಾನೂನು 2013ರದ್ದು. ನನಗೆ ಗೊತ್ತಿತ್ತು. ಒಳಗಿನ ಗಾಳಿಗೆ ಒಂದೇ ಉಸಿರಲ್ಲಿ ಜನ ಬಿದ್ದು ಹೋದದ್ದನ್ನು ಪೇಪರಿನಲ್ಲಿ ಎಷ್ಟು ಸಲ ಓದಿದ್ದೇನೆ. ಆದರೂ, ನಿಜ ಹೇಳುತ್ತೇನೆ, ನಾನು ಬಾಯಿ ಬಿಡಲಿಲ್ಲ. ನಾಳೆ ಗೌರಿ, ಮನೆ ತುಂಬ ಜನ, ಐದು ನಿಮಿಷದ ಕೆಲಸ ಅಂತೆ. ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಲೆಕ್ಕ ಇಟ್ಟಿಲ್ಲ. ಇದ್ದೆ. ಬೇಡ ಅಂದದ್ದು ಗಾಡಿಯ ಡ್ರೈವರ್. ಆ ಹುಡುಗನ ಭುಜ ಹಿಡಿದು ಹಿಂದಕ್ಕೆ ಎಳೆದ. "ಏನ್ ಸಾರ್ ನೀವು, ಇವ್ನಿಗೆ ಏನಾದ್ರೂ ಆದ್ರೆ ಇವ್ನ ತಾಯಿಗೆ ಯಾರ್ ಹೇಳ್ತಾರೆ? ನೀವ್ ಬರ್ತೀರಾ?" ಅಂದ. ಯಾರೂ ಮಾತಾಡಲಿಲ್ಲ. ತಗಡಿನ ಬಾಗಿಲು ಮುಚ್ಚಿದ ಆ ಗಾರೆಯ ಗುರುತು ಅಲ್ಲೇ ಇತ್ತು, ಅವನ ಬೆನ್ನ ಹಿಂದೆ.

ಮೇಸ್ತ್ರಿ ಬಿದಿರಿನ ದಬ್ಬೆ ತರಿಸಿದರು. ಒಂದಕ್ಕೊಂದು ಕಟ್ಟಿ, ಮೇಲೆ ನಿಂತೇ ತಳ್ಳಿದರು, ಎಳೆದರು, ತಳ್ಳಿದರು. ಸಾಯಂಕಾಲ ಆರು ಗಂಟೆಯವರೆಗೆ. ಏನೇನು ಬಂತು ಅಂದರೆ, ಗಂಟುಗಂಟು ಬೇರು, ಪೈಪಿನ ಜೋಡಣೆಯಲ್ಲಿ ನುಗ್ಗಿ ಒಳಗೇ ಜಡೆಯಂತೆ ಬೆಳೆದದ್ದು. ಅದಕ್ಕೆ ಸಿಕ್ಕಿಕೊಂಡ ತೆಂಗಿನ ನಾರು, ಕೂದಲು, ಡೈಪರ್, ಪ್ಯಾಡು. ಅದಕ್ಕೆಲ್ಲ ಮೆತ್ತಿಕೊಂಡ ಜಿಡ್ಡು. ಅಡುಗೆಮನೆ ಸಿಂಕಿನಲ್ಲಿ ನಾವು ಬಿಸಿ ಬಿಸಿಯಾಗಿ ಸುರಿಯುವ ಎಣ್ಣೆ ತುಪ್ಪ ಒಳಗೆ ಹೋಗಿ ತಣ್ಣಗಾಗಿ ಮೇಣದಂತೆ ಗಟ್ಟಿಯಾಗುತ್ತೆ. ಬೆಳ್ಳಗೆ, ಇಡ್ಲಿ ಬಣ್ಣದಲ್ಲಿ ಇತ್ತು. ನಾನು ಎರಡು ವಾರ ಇಡ್ಲಿ ಮಾಡಲಿಲ್ಲ.

ಕೊನೆಯ ಎಳೆತದಲ್ಲಿ ಒಂದು ಸಣ್ಣ ವಸ್ತು ಟಿಣ್ ಅಂತ ಕಲ್ಲಿನ ಮೇಲೆ ಬಿತ್ತು. ಹುಡುಗ ನೀರು ಹಾಕಿ ತೊಳೆದ. ಉದ್ಧರಣೆ. ಸಂಧ್ಯಾವಂದನೆಯ ತಾಮ್ರದ ಉದ್ಧರಣೆ! ಹುಡುಗ ಅದನ್ನು ಎತ್ತಿ ಹಿಡಿದು, "ಯಾರ್ದು ಸಾರ್ ಸ್ಪೂನು?" ಅಂತ ಕೇಳಿದ. ಸುತ್ತ ನಿಂತವರ ಮನೆಯಲ್ಲೆಲ್ಲ ಪಂಚಪಾತ್ರೆ ಇದೆ. ಒಬ್ಬರೂ ನಮ್ಮದು ಅನ್ನಲಿಲ್ಲ. ರಾಯರು ಆಕಾಶ ನೋಡಿದರು. ಅದು ಇನ್ನೂ ನನ್ನ ಹತ್ತಿರ ಇದೆ. ಬೇಕಾದವರು ಗುರುತು ಹೇಳಿ ತೆಗೆದುಕೊಂಡು ಹೋಗಬಹುದು.

(ಇಲ್ಲಿ ಎಲ್ಲರೂ ಜೋರಾಗಿ ನಕ್ಕರು. ಮೂರನೇ ಸಾಲಿನಲ್ಲಿ ಕೂತಿದ್ದ ರಾಯರೂ ನಕ್ಕರು. ಅವರನ್ನು ಮೊದಲೇ ಕೇಳಿಯೇ ನಾನು ಈ ಕಥೆ ಹೇಳಿದ್ದು.)

ಮುಂದಿನದು ಬೇಗ ಹೇಳುತ್ತೇನೆ. ನಾನು ಮೂರು ಅಡಿ ವಾಪಸ್ ಬಿಟ್ಟೆ. ಇದು ದೊಡ್ಡತನವಲ್ಲ, ನಾಚಿಕೆ. ಜೊತೆಗೆ ವಾಷಿಂಗ್ ಮಷಿನ್ ಇತ್ತು, ಒಗೆಯುವ ಕಲ್ಲು ಬೇಕಿರಲಿಲ್ಲ. ಎದುರಿನವರು ಶೆಡ್ ಒಳಗೆ ಟೈಲ್ಸ್ ಕತ್ತರಿಸಿ ಚೇಂಬರ್ ಮುಚ್ಚಳ ಎತ್ತುವ ಹಾಗೆ ಮಾಡಿಕೊಟ್ಟರು. ಅಷ್ಟಾದರೂ ಆಯಿತು. ಜನರೇಟರ್ ಇನ್ನೂ ಅಲ್ಲೇ ಇದೆ. "ಮೊದಲು ತುಳಸಿ ಕಟ್ಟೆ ಹೋಗಲಿ" ಅಂತಾರೆ ಅವರು. "ಮೊದಲು ಜನರೇಟರ್ ಹೋಗಲಿ" ಅಂತಾರೆ ರಾಯರು.

ಗಲ್ಲಿ ಯಾರದ್ದು ಅಂತ ವಿಚಾರಿಸೋಕೆ ಹೊರಟೆ. ನೆಲ ಒಬ್ಬರದ್ದಂತೆ. ನೆಲದ ಕೆಳಗಿನ ಒಳಚರಂಡಿ ಇನ್ನೊಬ್ಬರದ್ದು. ಮಳೆ ನೀರಿನ ಚರಂಡಿ ಮತ್ತೆ ಮೊದಲಿನವರದ್ದೇ, ಆದರೆ ಬೇರೆ ವಿಭಾಗ. ತಲೆ ಮೇಲಿನ ವೈರು ಮೂರನೆಯವರದ್ದು, ಅದಕ್ಕೆ ಜೋತು ಬಿದ್ದ ಕೇಬಲ್ಲು ದೇವರದ್ದು. ಮೊದಲು ಹೀಗಿದ್ದಾಗ ಕಾರ್ಪೊರೇಟರ್ ಮನೆಗೆ ಹೋಗಿ ಕೂರುತ್ತಿದ್ದೆವು. ಕೆಲಸ ಆಗುತ್ತಿತ್ತು ಅಂತಲ್ಲ. ಬೈಯೋಕೆ ಒಂದು ಮುಖ ಇತ್ತು. ಬೆಂಗಳೂರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ಇಷ್ಟು ದೊಡ್ಡ ಊರು ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಬೋರ್ಡಿನಲ್ಲಿ ಹೆಸರು ಬದಲಾಯಿತು. ಗಲ್ಲಿಯಲ್ಲಿ ಕಮೋಡು ಬದಲಾಗಲಿಲ್ಲ.

ಆ್ಯಪ್ ಇದೆ ಅಂತ ಮಗ ಹೇಳಿಕೊಟ್ಟ. ಕಮೋಡಿನ ಫೋಟೊ ಹಾಕಿದೆ. ನಾಲ್ಕು ದಿನಕ್ಕೆ 'ಪರಿಹರಿಸಲಾಗಿದೆ' ಅಂತ ಉತ್ತರ ಬಂತು, ಜೊತೆಗೆ ಚೊಕ್ಕವಾದ ಒಂದು ಗಲ್ಲಿಯ ಫೋಟೊ. ಚೆನ್ನಾಗಿತ್ತು ಫೋಟೊ. ನಮ್ಮ ಗಲ್ಲಿ ಆಗಿರಲಿಲ್ಲ. ಆ ಗಲ್ಲಿ ಎಲ್ಲಿದೆ ಅಂತ ಗೊತ್ತಾದರೆ ನಾನು ಅಲ್ಲಿಗೇ ಮನೆ ಬದಲಾಯಿಸುತ್ತೇನೆ.

ಕಸದ ವಿಷಯ ಕೇಳುತ್ತೀರಿ ಅಂತ ಗೊತ್ತು. ಯಾರೂ ಓಡಾಡದ ಗಲ್ಲಿ ಒಂದು ವಾರದಲ್ಲಿ ಬ್ಲ್ಯಾಕ್ ಸ್ಪಾಟ್ ಆಗುತ್ತೆ, ಅಂದರೆ ಎಲ್ಲರೂ ಕಸ ಸುರಿಯುವ ಜಾಗ. ಗಲ್ಲಿ ಬಾಯಲ್ಲಿ ಗೋಡೆಗೆ ದೇವರ ಟೈಲ್ಸ್ ಅಂಟಿಸಿದೆವು. ಗಣೇಶ, ಏಸು, ಮೆಕ್ಕಾ, ಸಾಯಿಬಾಬಾ, ಯಾರಿಗೂ ಬೇಜಾರಾಗಬಾರದು ಅಂತ. ದೇವರು ಮುಗಿದ ಜಾಗದಿಂದ ಎರಡು ಅಡಿ ಆಚೆ ನಿಂತು ಗಂಡಸರು ತಮ್ಮ ಕೆಲಸ ಮುಂದುವರಿಸಿದರು. ಹಬ್ಬದ ಮಾರನೇ ದಿನ ಎಂಟನೇ ಕ್ರಾಸಿನ ಬಾಳೆಕಂಬ, ಮಾವಿನ ಸೊಪ್ಪು, ಮಿಕ್ಕ ಹೂವು ಕೂಡ ನಮ್ಮಲ್ಲಿಗೇ ಬರುತ್ತೆ. ಅದನ್ನು ತಂದು ಹಾಕುವ ವ್ಯಾಪಾರಿಯನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಅವನು ರಾತ್ರಿ ಹನ್ನೊಂದಕ್ಕೆ ಬುಟ್ಟಿ ಕಟ್ಟಿಕೊಂಡು ಹೊರಡಬೇಕು. ಅದನ್ನು ಹಾಕೋಕೆ ಅವನಿಗೆ ಯಾರು ಜಾಗ ತೋರಿಸಿದ್ದಾರೆ? ಫುಟ್‌ಪಾತಿನಲ್ಲಿ ನನಗೆ ಹೂವಿನ ಬುಟ್ಟಿಗಿಂತ ಅಡ್ಡ ಸಿಗುವುದು ನಿಲ್ಲಿಸಿದ ಬೈಕು.

ಒಂದು ಮಾತ್ರ ಸರಿಹೋಯಿತು. ನಮ್ಮ ಹಿಂದಿನ ಕಟ್ಟಡದಲ್ಲಿ ಪಿಜಿ ಇದೆ. ಅಲ್ಲಿನ ಹುಡುಗಿಯರು ಕಸದ ಕವರು ಗಲ್ಲಿಗೆ ಎಸೆಯುತ್ತಿದ್ದರು. 2015ರಲ್ಲೇ ಹೈಕೋರ್ಟು ಹೇಳಿದೆ, ಹಸಿ ಕಸ ಬೇರೆ, ಒಣ ಕಸ ಬೇರೆ, ಪ್ಯಾಡು ಡೈಪರ್ ಬೇರೆ ಕಟ್ಟಿ ಕೊಡಬೇಕು ಅಂತ. ನಾನು ಅದನ್ನು ಹೇಳಿ ಜಗಳಕ್ಕೆ ಹೋದೆ. ಒಬ್ಬಳು ಕಣ್ಣು ಉಜ್ಜಿಕೊಂಡು ಬಂದಳು, ಕಲಬುರಗಿ ಕಡೆಯವಳು. "ಆಂಟಿ, ನಾವು ಡ್ಯೂಟಿ ಮುಗಿಸಿ ಬರೋದೇ ನಸುಕಿನ ಮೂರು ಗಂಟೆಕ್ಕ. ನಿಮ್ಮ ಕಸದ ಆಟೊ ಆರೂವರೆಕ್ಕ ಬರ್ತದ. ಯಾವಾಗ ಕೊಡಬೇಕ್ರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವರು ರಾತ್ರಿಯೇ ಎರಡು ಬಕೆಟ್ಟು ನಮ್ಮ ಗೇಟಿನ ಒಳಗೆ ಇಡುತ್ತಾರೆ. ಪೌರಕಾರ್ಮಿಕರ ಆಟೊ ಬಂದಾಗ ನಾನು ಕೊಡುತ್ತೇನೆ. ಅದಕ್ಕೆ ಬದಲಾಗಿ ಊರಿಗೆ ಹೋದಾಗಲೆಲ್ಲ ಶೇಂಗಾ ಹೋಳಿಗೆ ತರುತ್ತಾರೆ. ಲಾಭ ನನಗೇ.

ಇನ್ನು ಕೆಲವು ಗಲ್ಲಿಗಳಲ್ಲಿ ಹುಡುಗರು ಗೋಡೆಗೆ ಚಿತ್ರ ಬರೆದು, ದೀಪ ಹಾಕಿ, ನಡೆದಾಡುವ ದಾರಿ ಮಾಡಿದ್ದಾರೆ. ನೋಡಿದ್ದೀರಿ ಅಲ್ವಾ? ಚೆನ್ನಾಗಿದೆ. ಜನ ಓಡಾಡಿದರೆ ಕಸ ತಾನಾಗಿ ಕಡಿಮೆ ಆಗುತ್ತೆ. ನಮ್ಮಲ್ಲೂ ಒಂದು ಗುಂಪು ಬಣ್ಣದ ಡಬ್ಬಿ ಹಿಡಿದು ಬಂದಿತ್ತು. ನಾನು ಒಂದೇ ಕೇಳಿದೆ, ಗೋಡೆಗೆ ಏನು ಬೇಕಾದರೂ ಬರೆಯಿರಿ, ನೆಲದ ಮೇಲೆ ಚೇಂಬರ್ ಎಲ್ಲೆಲ್ಲಿದೆ ಅಂತ ಒಂದೊಂದು ಹಳದಿ ಸುತ್ತು ಹಾಕಿಕೊಡಿ. ಅವರಿಗೆ ಸ್ವಲ್ಪ ನಿರಾಸೆ ಆಯಿತು. ನವಿಲು ಬರೆಯೋಕೆ ಬಂದವರು. ಆದರೂ ಹಾಕಿಕೊಟ್ಟರು. ನವಿಲನ್ನೂ ಬರೆದರು, ಸರಿಯಾಗಿ ತಗಡಿನ ಬಾಗಿಲಿನ ಗಾರೆ ಗುರುತಿನ ಮೇಲೆ. ಆ ಗುರುತು ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಒಬ್ಬ ಹುಡುಗ ಕುಂಚ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಗುರುತಿನ ಭಾಗವನ್ನು ಮಾತ್ರ ಬಣ್ಣ ಹಾಕದೆ ಬಿಟ್ಟ. ಈಗ ನವಿಲಿನ ಹೊಟ್ಟೆಯ ಜಾಗದಲ್ಲಿ ಒಂದು ಚೌಕ ಗಾರೆ ಕಾಣುತ್ತೆ.

(ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಹಾಕಿದ್ದೇನೆ.)

ಒಬ್ಬ ಹುಡುಗ ಕೇಳಿದ: "ಆಂಟಿ, ಹಾಗಾದ್ರೆ ಹಳೇ ಮಲ್ಲೇಶ್ವರನೇ ಚೆನ್ನಾಗಿತ್ತು ಅಂತೀರಾ?"

ಯಾರಿಗೆ ಚೆನ್ನಾಗಿತ್ತು ಅಂತ ಕೇಳಪ್ಪ. ನನಗೆ ಹುರುಳಿಕಾಯಿ ಬಿಡಿಸುವ ಗಲ್ಲಿ ಚೆನ್ನಾಗಿತ್ತು. ಬಕೆಟ್ಟು ಹೊತ್ತವನ ಮೊಮ್ಮಗನನ್ನು ಕರೆದು ಇಲ್ಲಿ ನಿಲ್ಲಿಸಿದರೆ ಅವನು ಬೇರೆ ಉಪನ್ಯಾಸ ಕೊಡುತ್ತಾನೆ. ಮುಂದಿನ ತಿಂಗಳು ಅಂಥವರನ್ನೇ ಕರೆಯಿರಿ ಅಂತ ನಾನು ಇವರಿಗೆ ಆಗಲೇ ಹೇಳಿದ್ದೇನೆ.

ಹಿರಿಯರೊಬ್ಬರು ಕೇಳಿದರು: "ಗಲ್ಲಿ ಒತ್ತುವರಿ ಮಾಡಿದವರ ಮೇಲೆ ಎಲ್ಲರೂ ಸೇರಿ ಯಾಕೆ ಕೇಸು ಹಾಕಬಾರದು?"

ಹಾಕಬಹುದು ಸಾರ್. ಅರ್ಜಿಗೆ ಸಹಿ ಹಾಕೋಕೆ ನಮ್ಮ ಸಾಲಿನಲ್ಲಿ ಒತ್ತುವರಿ ಮಾಡದ ಒಬ್ಬರು ಬೇಕು. ಹುಡುಕುತ್ತಿದ್ದೇನೆ. ನಿಮ್ಮ ಮನೆ ಹಿಂದೆ ಎಷ್ಟು ಅಡಿ ಉಳಿದಿದೆ?

(ಅವರು ನಕ್ಕು ಕೂತರು.)

ಇನ್ನೊಂದು ಪ್ರಕಟಣೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಗಲ್ಲಿಯ ಚೇಂಬರ್ ಮುಚ್ಚಳ ಎತ್ತಿ ನೋಡುತ್ತೇವೆ. ವರ್ಷಕ್ಕೆ ಎರಡು ಸಲ ಎತ್ತುವುದು ಅಂತ ಮಾಡಿಕೊಂಡಿದ್ದೇವೆ, ಮಳೆಗಾಲಕ್ಕೆ ಮುಂಚೆ ಒಂದು, ಹಬ್ಬಗಳ ಮುಂಚೆ ಒಂದು. ಯಾರೂ ಇಳಿಯುವುದಿಲ್ಲ, ಮೇಲಿನಿಂದ ನೋಡುವುದು ಅಷ್ಟೇ. ಮೇಸ್ತ್ರಿ ಬರುತ್ತಾರೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಅದಕ್ಕೇ ಹಳದಿ ಸುತ್ತು ಇರುವುದು ಒಳ್ಳೆಯದಾಯಿತು. ಬರುವವರು ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ. ತಿಂಡಿ ನಮ್ಮ ಮನೆಯಲ್ಲೇ. ಉಪ್ಪಿಟ್ಟು ಮಾಡಿರುತ್ತೇನೆ, ಇಡ್ಲಿ ಅಲ್ಲ.